12 ದೇಶ, 36 ಸಿನಿಮಾ: ಜಗತ್ತಿನ ಚಿತ್ರಗಳಲ್ಲಿ ನಿಮ್ಮ ಮೆಚ್ಚಿನವನ್ನು ಕಂಡುಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೇರೆಬೇರೆ ದೇಶಗಳ ಸಿನಿಮಾಗಳಲ್ಲಿ ನಿಮಗೆ ಅಚ್ಚುಮೆಚ್ಚು ಯಾವುದು ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರುಗಳು ಅವೇ. ಕೊರಿಯಾ ಎಂದರೆ 'ಪ್ಯಾರಸೈಟ್', ಇಟಲಿ ಎಂದರೆ 'ಬೈಸಿಕಲ್ ಥೀವ್ಸ್', ಇರಾನ್ ಎಂದರೆ 'ಚಿಲ್ಡ್ರನ್ ಆಫ್ ಹೆವನ್'. ಮೂರೂ ಅಪ್ಪಟ ಚಿತ್ರಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ದೇಶದ್ದು ಒಂದೇ ಚಿತ್ರ ನೋಡಿದವರು ಆಯ್ಕೆಯನ್ನೇ ಮಾಡಿರುವುದಿಲ್ಲ. ಮೊದಲು ಕೈಗೆ ಸಿಕ್ಕಿದ್ದು ಹಾಗೇ ಮೆಚ್ಚಿನದಾಗಿ ಉಳಿದಿರುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ: ಅಂಚು ಕತ್ತರಿಸಿದ ಪ್ರತಿ, ಡಬ್ ಆದ ಧ್ವನಿ, ಅರ್ಧ ಗಂಟೆ ಕಡಿಮೆಯಾದ ಆವೃತ್ತಿ ನೋಡಿ "ಹೇಳುವಷ್ಟೇನಿಲ್ಲ" ಎಂದು ಪಕ್ಕಕ್ಕಿಟ್ಟ ಚಿತ್ರಗಳು ಎಷ್ಟೋ. ಈ ಎರಡನ್ನೂ ಸರಿಪಡಿಸಿಕೊಂಡರೆ ಪಟ್ಟಿ ತಾನಾಗಿ ನಿಮ್ಮದಾಗುತ್ತದೆ.

ಮೊದಲು ಲೆಕ್ಕ

12 ದೇಶ ಆರಿಸಿ. ಪ್ರತಿ ದೇಶಕ್ಕೆ ಮೂರು ಚಿತ್ರ, ಒಟ್ಟು 36. ಪ್ರತಿ ಮೂರರಲ್ಲಿ ಒಂದನ್ನು ಇಟ್ಟುಕೊಂಡು ಅದನ್ನು ಇನ್ನೊಮ್ಮೆ ನೋಡಬೇಕು, ಅಂದರೆ ಇನ್ನೂ 12. ವಾರಕ್ಕೊಂದರಂತೆ 48 ವಾರ. ವರ್ಷದಲ್ಲಿ ನಾಲ್ಕು ವಾರ ಮಿಗುತ್ತದೆ, ತಪ್ಪಿಹೋದ ವಾರಗಳಿಗೆ ಅದು ಬೇಕೇ ಬೇಕು.

ವಾರಕ್ಕೆ ಮೂರು ನೋಡುತ್ತೇನೆ ಎಂದು ಹೊರಟವರು ಎರಡನೇ ತಿಂಗಳಲ್ಲಿ ನಿಂತುಬಿಡುತ್ತಾರೆ. ನಿಲ್ಲದಿದ್ದರೂ ಚಿತ್ರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹೊಸ ಭಾಷೆ, ಹೊಸ ಮುಖಗಳು, ಹೊಸ ನಡಿಗೆಯ ಚಿತ್ರ ಮನಸ್ಸಿನಲ್ಲಿ ತಳವೂರಲು ಕೆಲವು ದಿನ ಬೇಕು. ಒಂದು ದೇಶದ ಮೂರೂ ಚಿತ್ರಗಳನ್ನು ಬಿಡದೆ ಮೂರು ವಾರದಲ್ಲಿ ನೋಡಿ ಮುಗಿಸಿ. ನಡುವೆ ಬೇರೆ ದೇಶವನ್ನು ತರಬೇಡಿ. ಮೊದಲ ಚಿತ್ರದಲ್ಲಿ ವಿಚಿತ್ರವೆನಿಸಿದ ಮಾತಿನ ಧಾಟಿ ಮೂರನೆಯದರ ಹೊತ್ತಿಗೆ ಕಿವಿಗೆ ಒಗ್ಗಿರುತ್ತದೆ.

ಯಾವ ದೇಶದ ಚಿತ್ರ?

ಇದು ಸುಲಭದ ಪ್ರಶ್ನೆಯಲ್ಲ. 'ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್' (1966) ನಿರ್ದೇಶಿಸಿದ ಜಿಲ್ಲೊ ಪೊಂಟೆಕೊರ್ವೊ ಇಟಲಿಯವರು. ಚಿತ್ರೀಕರಣ ನಡೆದದ್ದು ಆಲ್ಜಿಯರ್ಸ್ ನಗರದ ಬೀದಿಗಳಲ್ಲಿ, ಕೇಳಿಬರುವ ಭಾಷೆಗಳು ಅರಬ್ಬಿ ಮತ್ತು ಫ್ರೆಂಚ್, ತೆರೆಯ ಮೇಲಿರುವವರು ಬಹುಪಾಲು ಆ ಊರಿನ ಜನ. ಸ್ವಾತಂತ್ರ್ಯ ಹೋರಾಟದ ಮುಂದಾಳಾಗಿದ್ದ ಸಾದಿ ಯಾಸೆಫ್ ತನ್ನನ್ನೇ ಹೋಲುವ ಪಾತ್ರವನ್ನು ತಾನೇ ಮಾಡಿದ್ದಾನೆ. ಇದನ್ನು ಇಟಲಿಯ ಲೆಕ್ಕಕ್ಕೆ ಹಾಕುವುದಕ್ಕಿಂತ ಅಲ್ಜೀರಿಯಾದ್ದೆಂದು ಹಿಡಿಯುವುದು ಹೆಚ್ಚು ಸರಿ.

ನಿಯಮ ಹೀಗಿರಲಿ: ಯಾರ ಬದುಕು, ಯಾವ ನೆಲ, ಯಾವ ಭಾಷೆ ಎಂಬ ಮೂರರಲ್ಲಿ ಎರಡು ಯಾವ ದೇಶಕ್ಕೆ ಸೇರುತ್ತವೋ ಚಿತ್ರ ಆ ದೇಶದ್ದು. ಹಣ ಹಾಕಿದ ದೇಶವನ್ನು ನೋಡಲು ಹೋಗಬೇಡಿ. ಆಫ್ರಿಕಾದ, ಪಶ್ಚಿಮ ಏಷ್ಯಾದ ಬಹಳಷ್ಟು ಚಿತ್ರಗಳಿಗೆ ಫ್ರಾನ್ಸಿನ ಹಣವಿದೆ. ಹಣದ ಲೆಕ್ಕ ಹಿಡಿದರೆ ಅರ್ಧ ಜಗತ್ತು ಫ್ರಾನ್ಸಿನ ಹೆಸರಿಗೆ ಹೋಗುತ್ತದೆ.

12ರಲ್ಲಿ ಯುರೋಪಿನ ದೇಶಗಳು ನಾಲ್ಕಕ್ಕಿಂತ ಹೆಚ್ಚಾಗದಿರಲಿ. ಆಫ್ರಿಕಾದಿಂದ ಕನಿಷ್ಠ ಎರಡು, ದಕ್ಷಿಣ ಅಮೆರಿಕದಿಂದ ಕನಿಷ್ಠ ಒಂದು ಇರಲೇಬೇಕು. ಇಷ್ಟು ಬಿಗಿ ಇಲ್ಲದಿದ್ದರೆ ಫ್ರಾನ್ಸ್, ಇಟಲಿ, ಜಪಾನ್‌ಗಳಲ್ಲೇ ವರ್ಷ ಮುಗಿದುಹೋಗುತ್ತದೆ, ಏಕೆಂದರೆ ಪುಸ್ತಕಗಳೂ ಪಟ್ಟಿಗಳೂ ಅಲ್ಲೇ ಸುತ್ತುತ್ತವೆ.

ಮೂರು ಚಿತ್ರಗಳ ಆಯ್ಕೆ ಮತ್ತು ಸರದಿ

ಮೂರು ಚಿತ್ರ, ಮೂವರು ನಿರ್ದೇಶಕರು. ಸಾಧ್ಯವಾದ ಕಡೆ ಅವುಗಳಲ್ಲಿ ಯಾವುದಾದರೂ ಎರಡರ ನಡುವೆ 20 ವರ್ಷದ ಅಂತರ ಇರಲಿ. ಮೊದಲನೆಯದು ಕಥೆಯ ಸೆಳೆತದಿಂದಲೇ ಕೈಹಿಡಿದು ಕರೆದೊಯ್ಯುವಂಥದ್ದು. ನಿಧಾನಗತಿಯ, ಕಟ್ಟುವಿಕೆಯಲ್ಲೇ ಹೊಸದನ್ನು ಮಾಡಿದ ಚಿತ್ರ ಮೂರನೆಯದಾಗಿ ಬರಲಿ. ಪ್ರಶಸ್ತಿ ನೋಡಿ ಸರದಿ ಮಾಡುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಇರಾನನ್ನೇ ತೆಗೆದುಕೊಳ್ಳಿ. ಅಬ್ಬಾಸ್ ಕಿಯಾರೊಸ್ತಾಮಿ ಅವರ 'ಟೇಸ್ಟ್ ಆಫ್ ಚೆರಿ' 1997ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಹಂಚಿಕೊಂಡಿತು ಎಂದು ತಿಳಿದವರು ಅದರಿಂದಲೇ ಶುರುಮಾಡುತ್ತಾರೆ. ಒಬ್ಬ ಮನುಷ್ಯ ಕಾರು ಓಡಿಸುತ್ತಾ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಮಾತಾಡುವುದೇ ಅದರ ಬಹುಭಾಗ. ಇರಾನಿನ ಚಿತ್ರಗಳ ನಡಿಗೆ ಗೊತ್ತಿಲ್ಲದವರು ನಲವತ್ತು ನಿಮಿಷಕ್ಕೆ ಎದ್ದುಬಿಡುತ್ತಾರೆ, ಆ ದೇಶದತ್ತ ಮತ್ತೆ ತಿರುಗುವುದಿಲ್ಲ. ಬದಲಿಗೆ ಮಜೀದ್ ಮಜೀದಿ ಅವರ 'ಚಿಲ್ಡ್ರನ್ ಆಫ್ ಹೆವನ್' (1997, 89 ನಿಮಿಷ) ಮೊದಲು ನೋಡಿ. ಒಂದೇ ಜೊತೆ ಶೂ ಹಂಚಿಕೊಂಡು ಶಾಲೆಗೆ ಹೋಗುವ ಅಣ್ಣ ತಂಗಿಯ ಕಥೆ, ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಎರಡನೆಯದು ಅಸ್ಗರ್ ಫರ್ಹಾದಿ ಅವರ 'ಎ ಸೆಪರೇಷನ್' (2011, 123 ನಿಮಿಷ), ವಿದೇಶಿ ಭಾಷಾ ವಿಭಾಗದಲ್ಲಿ ಇರಾನಿಗೆ ಮೊದಲ ಆಸ್ಕರ್ ತಂದದ್ದು. ಮೂರನೆಯದು ಕಿಯಾರೊಸ್ತಾಮಿ ಅವರ 'ವೇರ್ ಈಸ್ ದಿ ಫ್ರೆಂಡ್ಸ್ ಹೌಸ್' (1987, 83 ನಿಮಿಷ). ಸಹಪಾಠಿಯ ನೋಟ್‌ಪುಸ್ತಕ ತಪ್ಪಿ ತನ್ನ ಚೀಲಕ್ಕೆ ಬಂದಿದೆ, ಅದನ್ನು ಮುಟ್ಟಿಸದಿದ್ದರೆ ನಾಳೆ ಅವನನ್ನು ಶಾಲೆಯಿಂದ ಹೊರಹಾಕುತ್ತಾರೆ. ಇಷ್ಟೇ ಎಳೆ ಹಿಡಿದು ಒಬ್ಬ ಹುಡುಗ ಪಕ್ಕದ ಹಳ್ಳಿಗೆ ಓಡುತ್ತಾನೆ. ದೊಡ್ಡವರು ಮಕ್ಕಳ ಮಾತನ್ನು ಹೇಗೆ ಕೇಳಿಯೂ ಕೇಳದಂತಿರುತ್ತಾರೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಇನ್ನೊಂದು ಚಿತ್ರ ನಮಗೆ ಗೊತ್ತಿಲ್ಲ. ಇರಾನಿನ ಸಾಲಿಗೆ ನಮ್ಮ ಆಯ್ಕೆ ಇದೇ.

ನಾಲ್ಕನೆಯದಕ್ಕೆ ಹೊತ್ತಿದ್ದರೆ ಅದೇ ನಿರ್ದೇಶಕರ 'ಕ್ಲೋಸ್-ಅಪ್' (1990). ತಾನು ಮೊಹ್ಸೆನ್ ಮಖ್ಮಲ್‌ಬಾಫ್ ಎಂಬ ನಿರ್ದೇಶಕನೆಂದು ಸುಳ್ಳು ಹೇಳಿ ಒಂದು ಕುಟುಂಬವನ್ನು ನಂಬಿಸಿದ ವ್ಯಕ್ತಿಯ ನಿಜ ಪ್ರಕರಣ ಅದು. ಸಂಬಂಧಪಟ್ಟವರೇ ತಮ್ಮತಮ್ಮ ಪಾತ್ರ ಮಾಡಿದ್ದಾರೆ. ಕೊನೆಯ ಭಾಗದಲ್ಲಿ ಧ್ವನಿ ಬಿಟ್ಟುಬಿಟ್ಟು ಬರುತ್ತದೆ. ಸ್ಪೀಕರ್ ಕೆಟ್ಟಿತೆಂದು ತಂತಿ ಅಲುಗಾಡಿಸಲು ಹೋಗಬೇಡಿ, ಚಿತ್ರ ಇರುವುದೇ ಹಾಗೆ.

ಜಪಾನಿಗೆ ಹಿರೊಕಜು ಕೊರೆಎಡಾ ಅವರ 'ಶಾಪ್‌ಲಿಫ್ಟರ್ಸ್' (2018), ಅಕಿರ ಕುರೊಸಾವ ಅವರ 'ಹೈ ಅಂಡ್ ಲೋ' (1963), ಯಸುಜಿರೊ ಓಜು ಅವರ 'ಟೋಕಿಯೋ ಸ್ಟೋರಿ' (1953) ಈ ಸರದಿಯಲ್ಲಿ. 'ಹೈ ಅಂಡ್ ಲೋ' ಅಪಹರಣದ ಕಥೆ, ಕಪ್ಪುಬಿಳುಪು ಚಿತ್ರ. ಒಂದೇ ಒಂದು ಕಡೆ ಬಣ್ಣ ಕಾಣಿಸಿಕೊಳ್ಳುತ್ತದೆ, ಅದೂ ಉದ್ದೇಶಪೂರ್ವಕ. 'ಟೋಕಿಯೋ ಸ್ಟೋರಿ'ಯಲ್ಲಿ ಮುದಿ ತಂದೆ ತಾಯಿ ಮಕ್ಕಳನ್ನು ನೋಡಲು ದೂರದ ಒನೊಮಿಚಿಯಿಂದ ಟೋಕಿಯೋಗೆ ಬರುತ್ತಾರೆ. ಮೊದಲ ಸಲ ನೋಡುವವರಿಗೆ ಇಲ್ಲಿ ಎರಡು ಸಂಗತಿ ಗೊಂದಲ ಮಾಡುತ್ತವೆ. ಕ್ಯಾಮೆರಾ ನೆಲಕ್ಕೆ ತೀರ ಹತ್ತಿರದಲ್ಲಿರುತ್ತದೆ, ಹೆಚ್ಚುಕಡಿಮೆ ಕದಲುವುದೇ ಇಲ್ಲ. ಎದುರುಬದುರು ಕೂತು ಮಾತಾಡುವ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿದ್ದಾರೇನೋ ಎನಿಸುತ್ತದೆ. ಸಂಕಲನದ ರೂಢಿಯ ನಿಯಮವನ್ನು ಓಜು ಪಾಲಿಸುವುದಿಲ್ಲ. ಜೊತೆಗೆ ಮುಖ್ಯವೆಂದು ನಾವು ಕಾಯುವ ಘಟನೆಗಳನ್ನು ತೋರಿಸದೆ ದಾಟಿಬಿಡುತ್ತಾರೆ, ಅವು ನಡೆದುಹೋಗಿವೆ ಎಂಬುದು ಆಮೇಲಿನ ಮಾತುಗಳಿಂದ ತಿಳಿಯುತ್ತದೆ. ಇಷ್ಟು ಮೊದಲೇ ಗೊತ್ತಿದ್ದರೆ ಇಪ್ಪತ್ತು ನಿಮಿಷದೊಳಗೆ ಕಣ್ಣು ಹೊಂದಿಕೊಳ್ಳುತ್ತದೆ.

ಸೆನೆಗಲ್‌ಗೆ ಉಸ್ಮಾನ್ ಸೆಂಬೆನ್ ಅವರ 'ಬ್ಲ್ಯಾಕ್ ಗರ್ಲ್' (1966) ಮೊದಲು ಬರಲಿ. ಒಂದು ಗಂಟೆಯ ಆಸುಪಾಸಿನ ಚಿತ್ರ. ಮನೆಗೆಲಸಕ್ಕೆಂದು ಫ್ರಾನ್ಸಿಗೆ ಹೋದ ಯುವತಿಯ ಒಳಮಾತು ನಮಗೆ ಕೇಳುತ್ತಿರುತ್ತದೆ, ಅವಳ ಒಡತಿಗೆ ಮಾತ್ರ ಅವಳ ಮೌನವಷ್ಟೇ ಗೊತ್ತು. ಆಮೇಲೆ ಮಾತಿ ದಿಯೊಪ್ ಅವರ 'ಅಟ್ಲಾಂಟಿಕ್ಸ್' (2019), ಕೊನೆಗೆ ಆಕೆಯ ಚಿಕ್ಕಪ್ಪ-ದೊಡ್ಡಪ್ಪಂದಿರ ಸಾಲಿನ ಜಿಬ್ರಿಲ್ ದಿಯೊಪ್ ಮಾಂಬೆತಿ ಅವರ 'ತೂಕಿ ಬೂಕಿ' (1973). ಈ ಮೂರನೆಯದು ಕಸಾಯಿಖಾನೆಯ ನಿಜ ದೃಶ್ಯದಿಂದ ಶುರುವಾಗುತ್ತದೆ. ಅಂಥದ್ದು ನೋಡಲಾಗದವರು ಮೊದಲ ಕೆಲವು ನಿಮಿಷ ದಾಟಿಸಿಕೊಳ್ಳಿ. ಮುಂದೆ ಕನಸು ಯಾವುದು, ನಡೆದದ್ದು ಯಾವುದು ಎಂದು ಬೇರ್ಪಡಿಸಲು ಹೊರಟರೆ ದಣಿವಾಗುತ್ತದೆ. ಬಣ್ಣ, ಶಬ್ದ, ದನದ ಕೊಂಬು ಕಟ್ಟಿದ ಮೋಟಾರ್ ಸೈಕಲ್ಲು, ಇವುಗಳ ಜೊತೆ ಸುಮ್ಮನೆ ಸಾಗಿ.

ತೈವಾನಿಗೆ ಆಂಗ್ ಲೀ ಅವರ 'ಈಟ್ ಡ್ರಿಂಕ್ ಮ್ಯಾನ್ ವುಮನ್' (1994), ಎಡ್ವರ್ಡ್ ಯಾಂಗ್ ಅವರ 'ಯೀ ಯೀ' (2000), ಹೌ ಷಿಯಾವ್‌ಷಿಯೆನ್ ಅವರ 'ಎ ಸಿಟಿ ಆಫ್ ಸ್ಯಾಡ್ನೆಸ್' (1989). ಕೊನೆಯದಕ್ಕೆ ಮೊದಲು 1947ರ ಫೆಬ್ರವರಿ 28ರ ದಮನಕಾಂಡದ ಬಗ್ಗೆ ಹತ್ತು ನಿಮಿಷ ಓದಿಕೊಳ್ಳಿ. ಚಿತ್ರ ಅದನ್ನು ವಿವರಿಸುವುದಿಲ್ಲ, ಅಲ್ಲಿಯ ಪ್ರೇಕ್ಷಕರಿಗೆ ಗೊತ್ತಿದೆ ಎಂದೇ ಹಿಡಿದು ನಡೆಯುತ್ತದೆ. ಪೋಲೆಂಡಿಗೆ 'ಇಡಾ' (2013), ಆಂಜೆ ವಾಯ್ದಾ ಅವರ 'ಆಶಸ್ ಅಂಡ್ ಡೈಮಂಡ್ಸ್' (1958), ಕಿಶ್ಲೊವ್‌ಸ್ಕಿ ಅವರ ಹತ್ತು ಭಾಗಗಳ 'ಡೆಕಲಾಗ್'ನಿಂದ ಐದನೆಯದು ಅಥವಾ ಮೊದಲನೆಯದು. ಬ್ರೆಜಿಲ್‌ಗೆ 'ಸೆಂಟ್ರಲ್ ಸ್ಟೇಷನ್' (1998), 'ಸಿಟಿ ಆಫ್ ಗಾಡ್' (2002), ಗ್ಲೌಬರ್ ರೋಷಾ ಅವರ 'ಬ್ಲ್ಯಾಕ್ ಗಾಡ್, ವೈಟ್ ಡೆವಿಲ್' (1964). ಉಳಿದ ದೇಶಗಳನ್ನು ಇದೇ ಕ್ರಮದಲ್ಲಿ ನೀವೇ ಹೂಡಿಕೊಳ್ಳಬಹುದು.

ಹುಡುಕುವಾಗ ಹೆಸರಿನ ಜೊತೆ ವರ್ಷ ಮತ್ತು ನಿರ್ದೇಶಕರ ಹೆಸರು ಬರೆದೇ ಹುಡುಕಿ. ಕೊರಿಯಾದ 'ದಿ ಹೌಸ್‌ಮೇಡ್' 1960ರಲ್ಲೂ ಇದೆ, 2010ರಲ್ಲೂ ಇದೆ. ಎರಡರ ನಡುವೆ ಅಜಗಜಾಂತರ, ಬೇಕಾದದ್ದು ಮೊದಲನೆಯದು.

ಯಾವ ಆವೃತ್ತಿ ಎಂದು ಮೊದಲೇ ನೋಡಿಕೊಳ್ಳಿ

ಪ್ಲೇ ಒತ್ತುವ ಮೊದಲು ಅವಧಿ ನೋಡುವುದು ಅಭ್ಯಾಸವಾಗಲಿ. 'ಸೆವೆನ್ ಸಮುರಾಯ್' (1954) ಪೂರ್ಣ ಚಿತ್ರ 207 ನಿಮಿಷ. ಹೊರದೇಶಗಳಿಗೆ ಕಳಿಸಿದ ಮೊಟಕು ಪ್ರತಿಗಳು ಅದಕ್ಕಿಂತ ಮುಕ್ಕಾಲು ಗಂಟೆಯಷ್ಟು ಚಿಕ್ಕವು. ನಿಮ್ಮ ಪ್ರತಿ ಮೂರು ಗಂಟೆ ಮುಟ್ಟದಿದ್ದರೆ ಬದಿಗಿಡಿ.

ಉದ್ದವಾದದ್ದೇ ಯಾವಾಗಲೂ ಮೇಲು ಎಂದಲ್ಲ. 'ಸಿನೆಮಾ ಪ್ಯಾರಡೈಸೊ' 1988ರಲ್ಲಿ ಇಟಲಿಯಲ್ಲಿ 155 ನಿಮಿಷದ ಚಿತ್ರವಾಗಿ ತೆರೆಕಂಡಿತು. ಜಗತ್ತು ಮೆಚ್ಚಿದ್ದು 124 ನಿಮಿಷಕ್ಕೆ ಇಳಿಸಿದ ರೂಪವನ್ನು. 2002ರಲ್ಲಿ ಬಂದ 173 ನಿಮಿಷದ ರೂಪ ಮುಖ್ಯ ಪಾತ್ರಗಳ ಬಗ್ಗೆ ನಮಗಿದ್ದ ಭಾವವನ್ನೇ ಬದಲಿಸುತ್ತದೆ. ಮೊದಲು 124, ಆಮೇಲೆ ಮನಸ್ಸಿದ್ದರೆ 173. ಇಂಗ್ಮಾರ್ ಬರ್ಗ್‌ಮನ್ ಅವರ 'ಫ್ಯಾನಿ ಅಂಡ್ ಅಲೆಕ್ಸಾಂಡರ್' (1982) ವಿಷಯದಲ್ಲಿ ನಮ್ಮ ಸಲಹೆ ತಿರುಗುಮುರುಗು: ಚಿತ್ರಮಂದಿರದ ರೂಪ 188 ನಿಮಿಷ, ಟಿವಿಗೆ ಮಾಡಿದ್ದು 312 ನಿಮಿಷ. ಎರಡು ಮೂರು ರಾತ್ರಿ ಕೊಡಬಲ್ಲಿರಾದರೆ ನೇರವಾಗಿ 312ಕ್ಕೇ ಹೋಗಿ. ಮನೆತುಂಬ ಜನರಿರುವ ಆ ಚಿತ್ರಕ್ಕೆ ಆ ಅಗಲ ಬೇಕು.

ಮೂಕಿಚಿತ್ರಗಳಲ್ಲಿ ಇದು ಇನ್ನೂ ತೊಡಕು. 'ಮೆಟ್ರೊಪಾಲಿಸ್' (1927) ಬರ್ಲಿನ್‌ನಲ್ಲಿ ಬಿಡುಗಡೆಯಾದ ಮೇಲೆ ಕತ್ತರಿಗೆ ಸಿಕ್ಕಿ ಕಾಲುಭಾಗ ಕಳೆದುಹೋಗಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ವಸ್ತುಸಂಗ್ರಹಾಲಯದಲ್ಲಿ 16 ಮಿ.ಮೀ. ಪ್ರತಿ ಸಿಕ್ಕಿ, 2010ರಲ್ಲಿ ಸುಮಾರು 148 ನಿಮಿಷದ ರೂಪ ಹೊರಬಂತು. ಅದರಲ್ಲಿ ಗೀರು ತುಂಬಿದ ದೃಶ್ಯಗಳು ಆಗಾಗ ಬರುತ್ತವೆ, ಮತ್ತೆ ಸಿಕ್ಕ ಭಾಗಗಳು ಅವೇ. 'ನೊಸ್ಫೆರಾತು' (1922) ಕೊಳ್ಳುವಾಗ ಅಥವಾ ಬಾಡಿಗೆಗೆ ಪಡೆಯುವಾಗ ಬಣ್ಣದ ಛಾಯೆ ಇರುವ ಪ್ರತಿಯೇ ಎಂದು ನೋಡಿ. ರಾತ್ರಿಯ ದೃಶ್ಯಗಳನ್ನು ಹಗಲಲ್ಲಿ ಚಿತ್ರಿಸಿ ನೀಲಿ ಛಾಯೆ ಕೊಟ್ಟಿದ್ದರು. ಬರೀ ಕಪ್ಪುಬಿಳುಪು ಪ್ರತಿಯಲ್ಲಿ ಬಿಸಿಲಿಗೆ ಹೆದರುವ ಪಿಶಾಚಿ ನಡುಹಗಲಲ್ಲೇ ಓಡಾಡಿದಂತೆ ಕಂಡು ಕಥೆಯೇ ಬುಡಮೇಲಾಗುತ್ತದೆ. ವೇಗವೂ ಮುಖ್ಯ. ಮೂಕಿಗಳ ಕಾಲದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮು, ಅಂದರೆ ಇಷ್ಟೇ ಬಿಡಿಚಿತ್ರ, ಎಂಬ ಕಟ್ಟುನಿಟ್ಟು ಇರಲಿಲ್ಲ. 24 ನೆಲೆಯಾದದ್ದು ಧ್ವನಿ ಬಂದ ಮೇಲೆ. 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' (1928) 20 ಫ್ರೇಮಿನಲ್ಲಿ 97 ನಿಮಿಷ, 24ರಲ್ಲಿ 81 ನಿಮಿಷ. ಜನ ಕುಪ್ಪಳಿಸಿ ನಡೆಯುವಂತೆ ಕಂಡರೆ ವೇಗ ಹೆಚ್ಚಾಗಿದೆ ಎಂದರ್ಥ.

ಹೊಸದಾಗಿ ಶುಚಿಗೊಳಿಸಿದ ಪ್ರತಿ ಸಾಮಾನ್ಯವಾಗಿ ಉತ್ತಮ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟಿತ್ತು. ಉಳಿದ ತುಣುಕುಗಳನ್ನು ಬೊಲೊನ್ಯಾದ ಪ್ರಯೋಗಾಲಯದಲ್ಲಿ ಕೈಯಿಂದ ಸರಿಮಾಡಿ, ಬೇರೆ ಪ್ರತಿಗಳಿಂದ ತುಂಬಿಸಿ 2015ರಲ್ಲಿ ಹೊರತಂದರು. ಹಳೆಯ ಮಬ್ಬು ಪ್ರತಿ ನೋಡಿದವರು ಇದನ್ನು ನೋಡಿದರೆ ಮಳೆಯ ದೃಶ್ಯವೇ ಹೊಸದು. ಆದರೆ ಹೊಸ ಪ್ರತಿ ಎಂದರೆ ಮೂಲದಂತೆಯೇ ಎಂದುಕೊಳ್ಳಬೇಡಿ. ವಾಂಗ್ ಕಾರ್‌ವಾಯ್ ತಮ್ಮ ಚಿತ್ರಗಳ ಹೊಸ ಪ್ರತಿಗಳಲ್ಲಿ ಬಣ್ಣವನ್ನೂ, 'ಫಾಲನ್ ಏಂಜಲ್ಸ್' (1995) ಚಿತ್ರದಲ್ಲಿ ಚೌಕಟ್ಟಿನ ಅಳತೆಯನ್ನೂ ತಾವೇ ಬದಲಿಸಿದರು. ಅಂಥ ಕಡೆ ಯಾವುದನ್ನು ನೋಡಿದಿರೋ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪರದೆಯ ಹೊಂದಾಣಿಕೆ

ಟಿವಿಯ ಆಕಾರ 16:9, ಅಂದರೆ ಎತ್ತರದ 1.78ರಷ್ಟು ಅಗಲ. 1950ರ ದಶಕದ ಮೊದಲಿನ ಚಿತ್ರಗಳು ಬಹುಪಾಲು 1.37. ಸರಿಯಾಗಿ ತೋರಿಸಿದರೆ ಅವು ಪರದೆಯ ಅಗಲದಲ್ಲಿ 77 ಶೇಕಡಾ ಮಾತ್ರ ತುಂಬುತ್ತವೆ, ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಹೋಗಲಿ ಎಂದು ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ 23 ಶೇಕಡಾ ಕತ್ತರಿಸಿಹೋಗುತ್ತದೆ. ಸ್ಟ್ರೆಚ್ ಮಾಡಿದರೆ ಮುಖಗಳೆಲ್ಲ ಅಗಲವಾಗುತ್ತವೆ. 'ದಿ 400 ಬ್ಲೋಸ್' (1959) ಥರದ 2.35 ಅಗಲದ ಚಿತ್ರಗಳಿಗೆ ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಎರಡೂ ಸರಿ. ಪಟ್ಟಿ ಎಲ್ಲೂ ಇಲ್ಲದೆ ಹಳೆಯ ಚಿತ್ರವೊಂದು ಪರದೆ ತುಂಬ ಕಂಡರೆ ಅನುಮಾನಪಡಿ.

ಟಿವಿಯಲ್ಲಿ ಮಾಡಬೇಕಾದದ್ದು ನಾಲ್ಕೇ ಕೆಲಸ:

1. ಪಿಕ್ಚರ್ ಮೋಡ್‌ನಲ್ಲಿ 'ಸಿನೆಮಾ' ಅಥವಾ 'ಫಿಲ್ಮ್‌ಮೇಕರ್' ಆರಿಸಿ. 'ವಿವಿಡ್' ಬೇಡ.
2. ಮೋಷನ್ ಸ್ಮೂದಿಂಗ್ ಪೂರ್ತಿ ಆಫ್ ಮಾಡಿ. ಟಿವಿ ಇಲ್ಲದ ಫ್ರೇಮುಗಳನ್ನು ತಾನೇ ಹುಟ್ಟಿಸಿ ನಡುವೆ ತುರುಕುವುದರಿಂದಲೇ ಸಿನಿಮಾ ಧಾರಾವಾಹಿಯಂತೆ ಕಾಣುವುದು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ. 'ಮೋಷನ್' ಎಂಬ ಮಾತಿರುವ ಸೆಟ್ಟಿಂಗ್ ಹುಡುಕಿ.
3. ನಾಯ್ಸ್ ರಿಡಕ್ಷನ್ ಆಫ್. ಫಿಲ್ಮಿನ ಕಣಗಳನ್ನು ಅಳಿಸಲು ಹೋಗಿ ಅದು ಚರ್ಮದ ಗೆರೆಗಳನ್ನೂ ಅಳಿಸಿ ಮುಖ ಮೇಣದಂತಾಗುತ್ತದೆ.
4. ಓವರ್‌ಸ್ಕ್ಯಾನ್ ಆಫ್. ಇಲ್ಲದಿದ್ದರೆ ನಾಲ್ಕೂ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ.

55 ಇಂಚಿನ ಟಿವಿಯಾದರೆ ಎರಡರಿಂದ ಎರಡೂವರೆ ಮೀಟರ್ ದೂರ ಕೂತರೆ ಸಾಕು. ಕೋಣೆ ಕತ್ತಲಾಗಿರಲಿ, ಬೆಳಕು ಬೇಕೆಂದರೆ ಟಿವಿಯ ಹಿಂದೆ ಮಂದವಾಗಿ ಇರಲಿ. ಕಪ್ಪುಬಿಳುಪು ಚಿತ್ರಕ್ಕೆ ಇದು ಇನ್ನೂ ಮುಖ್ಯ, ನೆರಳಿನೊಳಗಿನ ವಿವರವೆಲ್ಲ ಬೆಳಕಿನಲ್ಲಿ ಕರಗಿಹೋಗುತ್ತದೆ. ಫೋನಿನಲ್ಲೇ ನೋಡಬೇಕಾದ ಪರಿಸ್ಥಿತಿ ಇದ್ದರೆ 'ತೂಕಿ ಬೂಕಿ', 'ಟೋಕಿಯೋ ಸ್ಟೋರಿ'ಗಳನ್ನು ಮುಂದೂಡಿ, ಮಾತೇ ಪ್ರಧಾನವಾದ ಚಿತ್ರಗಳನ್ನು ಮೊದಲು ಮುಗಿಸಿ.

ಧ್ವನಿ ಮತ್ತು ಸಬ್‌ಟೈಟಲ್

ಮೂಲ ಭಾಷೆಯ ಧ್ವನಿಯನ್ನೇ ಆರಿಸಿ. ಕಾರಣ 'ಯೀ ಯೀ'ಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ತೈಪೆಯ ಮಧ್ಯಮವರ್ಗದ ತಂದೆ ಮನೆಯಲ್ಲಿ ಒಂದು ಭಾಷೆ ಆಡುತ್ತಾನೆ, ಜಪಾನಿನ ಉದ್ಯಮಿಯ ಜೊತೆ ಇಂಗ್ಲಿಷ್ ಆಡುತ್ತಾನೆ. ಇಬ್ಬರಿಗೂ ಅದು ಪರಭಾಷೆ. ತಡವರಿಸುತ್ತಾ, ಪದ ಹುಡುಕುತ್ತಾ ಆಡುವುದರಿಂದಲೇ ಇಬ್ಬರೂ ಅಷ್ಟು ಪ್ರಾಮಾಣಿಕರಾಗುತ್ತಾರೆ. ಡಬ್ ಮಾಡಿದರೆ ಎಲ್ಲರೂ ಒಂದೇ ಭಾಷೆಯಲ್ಲಿ ನಿರರ್ಗಳ, ದೃಶ್ಯದ ಜೀವವೇ ಹೋಯಿತು.

ಹಳೆಯ ಇಟಾಲಿಯನ್ ಚಿತ್ರಗಳಲ್ಲಿ ತುಟಿಗೂ ಮಾತಿಗೂ ಹೊಂದದಿದ್ದರೆ ಗಾಬರಿ ಬೇಡ. ಅಲ್ಲಿ ದೃಶ್ಯ ಮೊದಲು ಚಿತ್ರಿಸಿ ಧ್ವನಿಯನ್ನು ಸ್ಟುಡಿಯೋದಲ್ಲಿ ಸೇರಿಸುವುದೇ ರೂಢಿಯಾಗಿತ್ತು.

ಸಬ್‌ಟೈಟಲ್ ಬಹುಪಾಲು ಇಂಗ್ಲಿಷಿನಲ್ಲೇ ಸಿಗುತ್ತದೆ. ಓದುತ್ತಾ ನೋಡುವ ಅಭ್ಯಾಸ ಇಲ್ಲದವರು 34 ನಿಮಿಷದ 'ದಿ ರೆಡ್ ಬಲೂನ್'ನಿಂದ (1956, ಫ್ರಾನ್ಸ್) ಶುರುಮಾಡಿ, ಅದರಲ್ಲಿ ಮಾತೇ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಮಿತಮಾತಿನ 'ವೇರ್ ಈಸ್ ದಿ ಫ್ರೆಂಡ್ಸ್ ಹೌಸ್' ಥರದವು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಎರಗುವ 'ಎ ಸೆಪರೇಷನ್' ದಣಿದ ರಾತ್ರಿಗೆ ಆಗದು, ಅರ್ಧ ಮಾತು ತಪ್ಪಿಹೋದರೆ ಯಾರು ಯಾವಾಗ ಏನು ತಿಳಿದಿದ್ದರು ಎಂಬ ಎಳೆಯೇ ಕಡಿದುಹೋಗುತ್ತದೆ.

ಬಿಳಿ ಅಕ್ಷರ ಬಿಳಿ ಹಿನ್ನೆಲೆಯಲ್ಲಿ ಕಾಣುವುದಿಲ್ಲ ಎಂಬುದು ಕಪ್ಪುಬಿಳುಪು ಚಿತ್ರಗಳ ಹಳೆಯ ಗೋಳು. ಅಕ್ಷರಕ್ಕೆ ಕಪ್ಪು ಅಂಚು ಕೊಡಿ, ಅಥವಾ ತಿಳಿಹಳದಿ ಬಣ್ಣ ಮಾಡಿ. 'ಇಡಾ'ದಲ್ಲಿ ಬೇರೆಯೇ ತೊಂದರೆ: ಪಾತ್ರಗಳನ್ನು ಚೌಕಟ್ಟಿನ ಕೆಳಮೂಲೆಯಲ್ಲಿಟ್ಟು ಮೇಲೆ ಖಾಲಿ ಬಿಟ್ಟಿದ್ದಾರೆ. ದೊಡ್ಡ ಅಕ್ಷರದ ಸಬ್‌ಟೈಟಲ್ ನೇರ ಮುಖದ ಮೇಲೆ ಕೂರುತ್ತದೆ. ಅಕ್ಷರ ಚಿಕ್ಕದು ಮಾಡಿ, ಪ್ಲೇಯರ್ ಬಿಟ್ಟರೆ ಮೇಲಕ್ಕೆ ಸರಿಸಿ.

ಡಿಸ್ಕ್ ಅಥವಾ ಕಂಪ್ಯೂಟರಿನಲ್ಲಿರುವ ಪ್ರತಿಗೆ ಬೇರೆ ಸಬ್‌ಟೈಟಲ್ ಕಡತ ಜೋಡಿಸಿದಾಗ ಮಾತು ಮತ್ತು ಅಕ್ಷರ ಹೊಂದದಿರುವುದು ಸಾಮಾನ್ಯ. ಉದ್ದಕ್ಕೂ ಒಂದೇ ಅಂತರ, ಹೋಗುತ್ತಾ ಹೆಚ್ಚುವ ಅಂತರ ಎಂದು ಎರಡು ಬಗೆ ಇದೆ, ಮದ್ದೂ ಬೇರೆ. ಐದನೇ ನಿಮಿಷದಲ್ಲಿ ಒಂದು ಮಾತಿಗೆ ಹೊಂದಿಸಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಎಚ್ ಕೀಲಿ ಒತ್ತಿದರೆ ಅಕ್ಷರ 50 ಮಿಲಿಸೆಕೆಂಡ್ ತಡವಾಗುತ್ತದೆ, ಜಿ ಒತ್ತಿದರೆ ಅಷ್ಟೇ ಬೇಗ ಬರುತ್ತದೆ. ಆಮೇಲೆ 65ನೇ ನಿಮಿಷಕ್ಕೆ ಹೋಗಿ ನೋಡಿ. ಅಲ್ಲೂ ಹೊಂದಿದ್ದರೆ ಕೆಲಸ ಮುಗಿಯಿತು. ಸುಮಾರು ಎರಡೂವರೆ ನಿಮಿಷ ವ್ಯತ್ಯಾಸ ಕಂಡರೆ ಒಂದು 24 ಫ್ರೇಮಿನದು, ಇನ್ನೊಂದು 25 ಫ್ರೇಮಿನದು. ಯುರೋಪಿನ ಹಳೆಯ ಟಿವಿ ಮತ್ತು ಡಿವಿಡಿ ಪ್ರತಿಗಳನ್ನು 25ಕ್ಕೆ ಏರಿಸುತ್ತಿದ್ದರು. ಅದರಿಂದ ಎರಡು ಗಂಟೆಯ ಚಿತ್ರ 115 ನಿಮಿಷಕ್ಕೆ ಇಳಿದು ದನಿಯೂ ಕೊಂಚ ತೆಳುವಾಗುತ್ತದೆ. ಕೀಲಿ ಒತ್ತಿ ಇದನ್ನು ಸರಿಪಡಿಸಲಾಗದು. ಸಬ್‌ಟೈಟಲ್ ಎಡಿಟ್ ಥರದ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸಿ. ಅಕ್ಷರಗಳ ಜಾಗದಲ್ಲಿ ಚೌಕ, ಪ್ರಶ್ನಾರ್ಥಕ ಚಿಹ್ನೆ ಬಂದರೆ ಕಡತವನ್ನು ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-8 ರೂಪದಲ್ಲಿ ಉಳಿಸಿ ಮತ್ತೆ ತೆರೆಯಿರಿ.

ನೋಡಿದ ಮೇಲೆ

ಹತ್ತಕ್ಕಿಷ್ಟು ಎಂದು ಅಂಕ ಕೊಡಬೇಡಿ. ಆರು ತಿಂಗಳ ನಂತರ ಆ 7 ಮತ್ತು 8 ಏನನ್ನೂ ಹೇಳುವುದಿಲ್ಲ. ಮಾರನೆಯ ದಿನದೊಳಗೆ ಮೂರು ಸಾಲು ಬರೆಯಿರಿ: ಕಣ್ಣಿಗೆ ಕಟ್ಟಿದ ಒಂದು ದೃಶ್ಯ, ಒಪ್ಪದ ಒಂದು ಸಂಗತಿ, ಅರ್ಥವಾಗದ ಒಂದು ಸಂಗತಿ. ಜೊತೆಗೆ ವರ್ಷ, ನಿರ್ದೇಶಕ, ನೋಡಿದ ಪ್ರತಿಯ ಅವಧಿ. ವಿಮರ್ಶೆ ಓದುವುದೆಲ್ಲ ಈ ಮೂರು ಸಾಲು ಮುಗಿದ ಮೇಲೆ. ಮೊದಲೇ ಓದಿದರೆ ಬರೆಯುವುದು ಅವರ ಮಾತಾಗಿರುತ್ತದೆ.

ತಿಂಗಳ ನಂತರ ಹಾಳೆ ನೋಡದೆ ಮತ್ತೊಂದು ಸಾಲು ಬರೆಯಿರಿ, ಈಗ ಆ ಚಿತ್ರದಲ್ಲಿ ಏನು ನೆನಪಿದೆ ಎಂದು. ಮುಗಿದ ಕೂಡಲೇ ಬೆರಗುಗೊಳಿಸಿದ್ದು ಎಷ್ಟೋ ಸಲ ತಿಂಗಳಿಗೆ ಮಸುಕಾಗಿರುತ್ತದೆ. ಮಂದವೆನಿಸಿದ್ದ 'ಟೋಕಿಯೋ ಸ್ಟೋರಿ'ಯ ಒಂದು ಸಂಜೆ ಹಾಗೇ ಉಳಿದಿರುತ್ತದೆ. ಮೂರರಲ್ಲಿ ಒಂದನ್ನು ಆರಿಸಲು ಈ ಎರಡನೇ ಟಿಪ್ಪಣಿಯನ್ನೇ ನಂಬಿ.

ಆರಿಸಿದ್ದನ್ನು ಮೂರು ತಿಂಗಳಾದರೂ ಬಿಟ್ಟು ಮರುನೋಟಕ್ಕೆ ತನ್ನಿ. ಕಥೆ ಗೊತ್ತಿರುವುದರಿಂದ ಸಬ್‌ಟೈಟಲ್ ಮೇಲಿನ ಕಣ್ಣು ಸಡಿಲವಾಗಿ ಮುಖಗಳ ಕಡೆ ಹೋಗುತ್ತದೆ. ತಿರುವಿನ ಬಲದಿಂದಷ್ಟೇ ನಿಂತಿದ್ದ ಚಿತ್ರಗಳು ಇಲ್ಲಿ ಕುಸಿಯುತ್ತವೆ. 'ಎ ಸೆಪರೇಷನ್' ಕುಸಿಯುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಯಾರ ಸುಳ್ಳು ಎಲ್ಲಿ ಹುಟ್ಟಿತೆಂದು ಈಗ ಮುಖದಲ್ಲೇ ಕಾಣುತ್ತದೆ. ಆರಿಸಿದ್ದು ಮರುನೋಟದಲ್ಲಿ ಬಿದ್ದರೆ ಸಂಕೋಚವಿಲ್ಲದೆ ಎರಡನೆಯದನ್ನು ತನ್ನಿ. ಮಿಕ್ಕ ನಾಲ್ಕು ವಾರ ಇರುವುದು ಇದಕ್ಕೂ.

ಪಟ್ಟಿಯನ್ನು ಬೇರೆಯವರಿಗೆ ಕೊಡುವಾಗ ಬರೀ ಹೆಸರು ಕೊಟ್ಟರೆ ಅವರು ತಪ್ಪು ಪ್ರತಿ ಹುಡುಕಿ ನಿರಾಶರಾಗುತ್ತಾರೆ. ಪ್ರತಿ ನಮೂದಿನಲ್ಲಿ ಅವಧಿ, ಭಾಷೆ, ಮೊದಲೇ ತಿಳಿದಿರಬೇಕಾದದ್ದು, ಮೆಚ್ಚಿದ ಕಾರಣ ಇರಲಿ. "ಅದ್ಭುತ", "ಮನಮುಟ್ಟುವ" ಎಂಬ ಮಾತುಗಳು ಯಾವ ಚಿತ್ರಕ್ಕೂ ಹೊಂದುತ್ತವೆ; ಕಾರಣ ಆ ಚಿತ್ರಕ್ಕೆ ಮಾತ್ರ ಹೊಂದುವಂತಿರಬೇಕು. ನಮ್ಮ ಪಟ್ಟಿಯ ಎರಡು ನಮೂದು ಹೀಗಿವೆ:

ತೈವಾನ್: 'ಯೀ ಯೀ' (2000), ಎಡ್ವರ್ಡ್ ಯಾಂಗ್, 173 ನಿಮಿಷ, ಡಬ್ ಆದದ್ದು ಬೇಡ. ಮೊದಲ ಇಪ್ಪತ್ತು ನಿಮಿಷ ಮದುವೆ ಮನೆಯ ಗದ್ದಲದಲ್ಲಿ ಯಾರು ಯಾರೆಂದು ತಿಳಿಯದು, ತಾಳಿಕೊಳ್ಳಿ. ಜನರಿಗೆ ತಮ್ಮ ಬೆನ್ನು ಕಾಣುವುದಿಲ್ಲವೆಂದು ಅವರ ತಲೆಯ ಹಿಂಭಾಗದ ಫೋಟೋ ತೆಗೆದು ಅವರಿಗೇ ಕೊಡುವ ಪುಟ್ಟ ಹುಡುಗನಿಗಾಗಿ.

ಅಲ್ಜೀರಿಯಾ: 'ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್' (1966), ಜಿಲ್ಲೊ ಪೊಂಟೆಕೊರ್ವೊ, ಅರಬ್ಬಿ ಮತ್ತು ಫ್ರೆಂಚ್. ಚಿತ್ರಹಿಂಸೆಯ ದೃಶ್ಯಗಳಿವೆ. ಸುದ್ದಿಚಿತ್ರದ ತುಣುಕಿನಂತೆ ಕಾಣುವುದೆಲ್ಲ ಚಿತ್ರಕ್ಕೆಂದೇ ತೆಗೆದದ್ದು, ಹಳೆಯ ಸುದ್ದಿಚಿತ್ರದ ಒಂದು ಅಡಿಯೂ ಇದರಲ್ಲಿಲ್ಲ. ಬಾಂಬು ಇಡಲು ಹೋದ ಹೆಂಗಸು ಅಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡುವ ಆ ಕೆಲವು ಕ್ಷಣಗಳಿಗಾಗಿ.